ನಮ್ಮ ಓಣಿಯ ಗಟಾರ ಯಾರದ್ದು? ಪಾಲಿಕೆ, ಕುಡಾ (ನಗರಾಭಿವೃದ್ಧಿ ಪ್ರಾಧಿಕಾರ), ವಾಟರ್ ಬೋರ್ಡ್ ನಡುವೆ ಕೆಲಸ ಹೇಗೆ ಹಂಚಿದೆ, ತಿಳಿದವರು ಹೇಳಿ

ಫರ್ಸಿ_ಕಲ್ಲು:

ಶರಣ್ರಿ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾವು ಮೊದಲು ಕಲಬುರಗಿಯ ಬ್ರಹ್ಮಪುರದಲ್ಲಿದ್ದೆವು. ಮುತ್ಯಾ ಕಟ್ಟಿಸಿದ ಮನೆ, ಸಣ್ಣ ಓಣಿ, ಅಡುಗೆಮನೆ ಗೋಡೆಗೆ ಹತ್ತಿಕೊಂಡೇ ಗಟಾರ. ಅದು ಕಟ್ಟಿಕೊಂಡರೆ ಓಣಿಯವರು ಯಾರಾದರೂ ಹೋಗಿ ಹೇಳಿ ಬರುತ್ತಿದ್ದರು, ಸಂಜೆಯೊಳಗೆ ಸಲಿಕೆ ಹಿಡಿದು ಬಂದು ತೆಗೆದು ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಮನೆ ಪಾಲಾಯಿತು. ರಿಂಗ್ ರೋಡ್ ಆಚೆ ಒಂದು ಖಾಸಗಿ ಲೇಔಟ್‌ನಲ್ಲಿ ಪ್ಲಾಟ್ ತಗೊಂಡು ಮನೆ ಕಟ್ಟಿದೆವು. 30 ಅಡಿ ರಸ್ತೆ, ಎರಡೂ ಕಡೆ ಸಿಮೆಂಟ್ ಗಟಾರ, ನೋಡೋಕೆ ಚೆನ್ನಾಗಿದೆ. ಆದರೆ ಆ ಗಟಾರ ಓಣಿ ಮುಗಿಯುವ ಕಡೆ, ಖಾಲಿ ಪ್ಲಾಟಿನ ಜಾಲಿ ಗಿಡದ ಬುಡದಲ್ಲಿ ಹಾಗೇ ನಿಂತುಬಿಟ್ಟಿದೆ. ಮುಂದೆ ಯಾವುದಕ್ಕೂ ಜೋಡಿಸಿಲ್ಲ. ಎಲ್ಲ ಮನೆಯ ನೀರೂ ಅಲ್ಲೇ ನಿಲ್ಲುತ್ತೆ. ಈ ಸಲದ ಮಳೆಗೆ ಅದು ತುಂಬಿ ಹಿಂದಕ್ಕೆ ಬಂದು ನಮ್ಮ ಗೇಟಿನ ಮುಂದೆ ಮೂರು ದಿನ ನಿಂತಿತ್ತು. ನಾಲ್ಕು ಫರ್ಸಿ, ಅಂದರೆ ಚಪ್ಪಡಿ ಕಲ್ಲು, ಹಾಕಿದ್ದೇವೆ. ಮಗಳು ಅದರ ಮೇಲೆ ಕಾಲಿಟ್ಟು ದಾಟಿ ಶಾಲೆಯ ಆಟೋ ಹತ್ತುತ್ತಾಳೆ. ಮೊನ್ನೆ ಜಾರಿ ಬಿದ್ದು ಮೊಣಕೈ ತರಚಿಕೊಂಡಳು.

ಒಂದು ಕಚೇರಿಗೆ ಹೋದೆ, ಆ ಲೇಔಟ್ ಇನ್ನೂ ನಮ್ಮದಲ್ಲ ಎಂದರು. ಇನ್ನೊಂದಕ್ಕೆ ಹೋದೆ, ನಾವು ನಕಾಶೆ ಮಂಜೂರು ಮಾಡುವುದಷ್ಟೇ ಎಂದರು. ಮೂರನೇ ಕಡೆ, ಮೇಲಿನ ಗಟಾರ ನಮ್ಮದಲ್ಲ, ನೆಲದೊಳಗಿನ ಪೈಪ್ ಮಾತ್ರ ನಮ್ಮದು ಎಂದರು. ಯಾರ ಹೆಸರೂ ಇಲ್ಲಿ ಬೇಡ. ಯಾರೂ ಒರಟಾಗಿ ಮಾತಾಡಲಿಲ್ಲ, ಒಬ್ಬರು ಕೂರಿಸಿ ನೀರೂ ಕೊಟ್ಟರು. ಆದರೆ ಮೂರು ದಿನ ರಜೆ ಹಾಕಿ ಓಡಾಡಿ ಬಂದ ಮೇಲೂ ಅರ್ಜಿಯನ್ನು ಯಾರ ಹೆಸರಿಗೆ ಬರೆಯಬೇಕು ಅನ್ನೋದೇ ಗೊತ್ತಾಗಿಲ್ಲ.

ಮುತ್ಯಾ ಇರುವವರೆಗೂ ಮುನ್ಸಿಪಾಲ್ಟಿಗೆ ಬಲ್ದಿಯಾ ಅಂತಲೇ ಅನ್ನುತ್ತಿದ್ದರು. ನಳ, ಗಟಾರ, ಬೀದಿ ದೀಪ, ಮನೆ ತೆರಿಗೆ, ಎಲ್ಲಾ ಬಲ್ದಿಯಾ. ಒಂದು ಬಲ್ದಿಯಾ ಇದ್ದದ್ದು ಇಷ್ಟೊಂದು ಕಚೇರಿ ಆಗಿದ್ದು ಯಾವಾಗ, ಯಾಕೆ? ನಮ್ಮ ಗಟಾರ ಈಗ ಯಾರ ಪಾಲಿಗಿದೆ?

ಸೂಪರ್‌ಮಾರ್ಕೆಟ್_ಹುಡುಗ:

ಅಣ್ಣಾ, ಸುಮ್ನೆ ಕಚೇರಿ ಕಚೇರಿ ಯಾಕೆ ತಿರುಗುತ್ತೀರಿ. ನೇರವಾಗಿ ಮೇಯರ್ ಹತ್ತಿರ ಹೋಗಿ. ಊರಿಗೆ ಅವರೇ ದೊಡ್ಡವರು ಅಲ್ವಾ? ಅವರು ಒಂದು ಮಾತು ಹೇಳಿದರೆ ಎಲ್ಲ ಕಚೇರಿಯೂ ಕೇಳುತ್ತೆ.

ಹಳೆ_ದಫ್ತರ:

ತಮ್ಮಾ, ನಿಮ್ಮ ಮುತ್ಯಾ ಬಲ್ದಿಯಾ ಅಂದದ್ದು ಸರಿ. ಉರ್ದುವಿನಲ್ಲಿ ಮುನ್ಸಿಪಾಲ್ಟಿಗೆ ಅದೇ ಹೆಸರು. ನಾನು ಈ ವಿಭಾಗದ ಬೇರೆ ಬೇರೆ ಊರಿನ ಪುರಸಭೆ, ನಗರಸಭೆಗಳಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು. ನೀವು ಕೇಳಿದ ಪ್ರಶ್ನೆ ಕೆಲಸದಲ್ಲಿದ್ದಷ್ಟು ದಿನವೂ ನನ್ನ ಟೇಬಲ್ ಮುಂದೆ ನಿಂತಿತ್ತು. ಹಾಗಾಗಿ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಜಾಮರ ಕಾಲದಲ್ಲಿ ಗುಲಬರ್ಗಾ ಒಂದು ಸುಬಾದ, ಅಂದರೆ ಕೆಲವು ಜಿಲ್ಲೆ ಸೇರಿದ ವಿಭಾಗದ, ಮುಖ್ಯ ಊರು. ನಿಜಾಮರ ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲಾಬಂದಿ ಮಾಡಿ ರಾಜ್ಯವನ್ನು ಜಿಲ್ಲೆಗಳಾಗಿ ಹಂಚಿದ ಮೇಲೆ ಸುಬೇದಾರ, ಅವನ ಕೆಳಗೆ ಅವ್ವಲ್ ತಾಲ್ಲೂಕದಾರ, ಅವನ ಕೆಳಗೆ ತಹಸೀಲ್ದಾರ ಎಂಬ ಏಣಿ ಗಟ್ಟಿಯಾಯಿತು. ಅವ್ವಲ್ ತಾಲ್ಲೂಕದಾರ ಅಂದರೆ ಇವತ್ತಿನ ಜಿಲ್ಲಾಧಿಕಾರಿ. ಊರಿನ ಗಟಾರ, ದೀಪ, ಕಸ ಇವೆಲ್ಲ ಅಧಿಕಾರಿಗಳ ಕೈಯಲ್ಲೇ ಇದ್ದವು. ಜನ ಹೋಗಿ ಕೈ ಮುಗಿದು ಕೇಳಬೇಕು, ಸಾಬರು ಮನಸ್ಸು ಮಾಡಬೇಕು. ನಾನು ಕೆಲಸಕ್ಕೆ ಸೇರಿದಾಗಲೂ ಹಳೆ ಮನೆ ರಿಜಿಸ್ಟರ್‌ಗಳು ಉರ್ದುವಿನಲ್ಲಿದ್ದವು. ಯಾರದಾದರೂ ಮನೆ ತಕರಾರು ಬಂದರೆ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಕರೆಸಿ ಓದಿಸುತ್ತಿದ್ದೆವು. ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ ಹಾಳೆ ತುದಿ ಪುಡಿ ಪುಡಿಯಾಗಿ ಟೇಬಲ್ ಮೇಲೆ ಉದುರುತ್ತಿತ್ತು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಹೈದರಾಬಾದ್ ರಾಜ್ಯ ತನ್ನ ಜಿಲ್ಲಾ ಮುನ್ಸಿಪಾಲಿಟಿಗಳಿಗೆ ಒಂದು ಕಾಯ್ದೆ ಮಾಡಿತು. ಅದೇ ವರ್ಷ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಗ ಈ ಒಂದೇ ರಾಜ್ಯದೊಳಗೆ ಹಳೆ ಮೈಸೂರಿಗೆ ಒಂದು ಕಾಯ್ದೆ, ಮುಂಬೈ ಕಡೆಯ ಊರುಗಳಿಗೆ ಒಂದು, ಮದ್ರಾಸ್ ಕಡೆಗೆ ಒಂದು, ಕೊಡಗಿಗೆ ಒಂದು, ನಮಗೆ ಒಂದು. ಎಲ್ಲವನ್ನೂ ತೆಗೆದು ಒಂದೇ ಕಾಯ್ದೆ ತಂದದ್ದು 1964ರಲ್ಲಿ. ದೊಡ್ಡ ಊರುಗಳಿಗೆ ಬೇರೆಯಾಗಿ ಮಹಾನಗರ ಪಾಲಿಕೆ ಕಾಯ್ದೆ ಬಂದದ್ದು 1976ರಲ್ಲಿ. ಇವತ್ತಿನ ಕಲಬುರಗಿ ಪಾಲಿಕೆ ನಡೆಯುತ್ತಿರುವುದು ಅದರ ಕೆಳಗೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಬಲ್ದಿಯಾದ ಕೈಕಾಲು ಒಂದೇ ದಿನ ಹೋಗಲಿಲ್ಲ, ಒಂದೊಂದಾಗಿ ಹೋದವು. 1973ರ ಕಾಯ್ದೆಯಿಂದ ರಾಜ್ಯಕ್ಕೆಲ್ಲ ಒಂದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂತು. ಕಾರಣ ಸುಳ್ಳಲ್ಲ. ಭೀಮಾ ನದಿಯಿಂದ ಊರಿಗೆ ನೀರು ಎತ್ತಿ ತರುವ ಕೆಲಸಕ್ಕೆ ಬೇಕಾದ ಎಂಜಿನಿಯರ್‌ಗಳೂ ದುಡ್ಡೂ ಒಂದು ಮುನ್ಸಿಪಾಲ್ಟಿ ಹತ್ತಿರ ಇರಲಿಲ್ಲ. ಆದರೆ ಆಮೇಲೆ ನಳದ ವಿಚಾರ ಕೇಳೋಕೆ ಜನ ಬೇರೆ ಬಾಗಿಲಿಗೆ ಹೋಗುವಂತಾಯಿತು. 1987ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಬಂತು, ಊರು ಎತ್ತ ಬೆಳೆಯಬೇಕು, ಲೇಔಟ್ ಎಲ್ಲಿ ಆಗಬೇಕು ಅನ್ನುವ ಮಾತು ಪ್ರಾಧಿಕಾರದ ಕೈಗೆ ಹೋಯಿತು. ಈಗ ಅದಕ್ಕೆ ಕುಡಾ ಅನ್ನುತ್ತೀರಿ, ನಮ್ಮ ವಯಸ್ಸಿನವರ ಬಾಯಲ್ಲಿ ಇನ್ನೂ ಜಿಡಿಎ.

ಈ ಎರಡರ ಮಧ್ಯೆ ಇನ್ನೊಂದು ಹೋಯಿತು. ಜನ ಅದನ್ನು ಮರೆತೇಬಿಟ್ಟಿದ್ದಾರೆ. ಜಕಾತಿ. ನಾನು ಸಣ್ಣವನಿದ್ದಾಗ ಊರಿಗೆ ಬರುವ ದಾರಿಗಳಲ್ಲಿ ನಾಕಾ ಇರುತ್ತಿತ್ತು. ರಸ್ತೆಗೆ ಅಡ್ಡ ಒಂದು ಗಳ, ಪಕ್ಕದಲ್ಲಿ ತಗಡಿನ ಗೂಡು. ಗಂಜ್‌ಗೆ ತೊಗರಿ ಹೊತ್ತ ಎತ್ತಿನ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಜಕಾತಿಯವನು ಚೀಲ ಎಣಿಸಿ, ದುಡ್ಡು ತಗೊಂಡು, ಚೀಟಿ ಹರಿದು ಕೊಟ್ಟು ಗಳ ಎತ್ತುತ್ತಿದ್ದ. ಅಪ್ಪನ ಗಾಡಿಯಲ್ಲಿ ಕೂತು ಆ ಚೀಟಿ ಕೈಯಲ್ಲಿ ಹಿಡಿದುಕೊಳ್ಳುವ ಕೆಲಸ ನನ್ನದು. ರೈತರಿಗೆ ಅದು ಕಾಟವೇ, ಲಂಚವೂ ಇತ್ತು, ಹಾಗಾಗಿ 1979ರಲ್ಲಿ ರಾಜ್ಯ ಸರ್ಕಾರ ಜಕಾತಿ ತೆಗೆದುಹಾಕಿದಾಗ ಎಲ್ಲರಿಗೂ ಖುಷಿಯಾಯಿತು. ಆದರೆ ಊರಿನ ಬೊಕ್ಕಸಕ್ಕೆ ದಿನಾ ಬೀಳುತ್ತಿದ್ದ ಸ್ವಂತ ದುಡ್ಡು ಅದೇ. ಅದರ ಬದಲು ಸರ್ಕಾರ ಅನುದಾನ ಕೊಡುತ್ತೇನೆ ಎಂದಿತು. ಸ್ವಂತ ದುಡಿಮೆ ಇದ್ದ ಮನೆಯ ಯಜಮಾನ ತಿಂಗಳು ತಿಂಗಳು ದೊಡ್ಡಣ್ಣನ ಮನೆ ಮುಂದೆ ನಿಂತ ಹಾಗಾಯಿತು. ನನ್ನ ಪ್ರಕಾರ ಮುನ್ಸಿಪಾಲ್ಟಿಯ ಬೆನ್ನುಮೂಳೆ ಮುರಿದದ್ದು ಆವತ್ತು. ಬೇರೆಯವರು ಬೇರೆ ಹೇಳಬಹುದು.

ಸಂವಿಧಾನದ 74ನೇ ತಿದ್ದುಪಡಿ ಆದದ್ದು 1992ರಲ್ಲಿ, ಜಾರಿಗೆ ಬಂದದ್ದು 1993ರ ಜೂನ್ 1ಕ್ಕೆ. ಐದು ವರ್ಷಕ್ಕೊಮ್ಮೆ ಚುನಾವಣೆ, ರಾಜ್ಯ ಚುನಾವಣಾ ಆಯೋಗ, ರಾಜ್ಯ ಹಣಕಾಸು ಆಯೋಗ, ಮಹಿಳೆಯರಿಗೆ ಮೂರನೇ ಒಂದು ಪಾಲು. ಕರ್ನಾಟಕ ಆಮೇಲೆ ಅದನ್ನು ಅರ್ಧ ಮಾಡಿತು. ಅದರ ಜತೆ 12ನೇ ಅನುಸೂಚಿ, 18 ಕೆಲಸಗಳ ಪಟ್ಟಿ. ಅದರಲ್ಲಿ ಮೊದಲನೇ ಸಾಲೇ ನಗರ ಯೋಜನೆ. ನೀರು ಸರಬರಾಜೂ ಆ ಪಟ್ಟಿಯಲ್ಲಿದೆ. ಆದರೆ ಆ ಹೊತ್ತಿಗೆ ಇವೆರಡೂ ಬೇರೆಯವರ ಮನೆ ಸೇರಿ ವರ್ಷಗಳಾಗಿದ್ದವು. ಪಟ್ಟಿ ಬಂತು, ಕೆಲಸ ವಾಪಸ್ ಬರಲಿಲ್ಲ. ನೀವು ಮೂರು ದಿನ ತಿರುಗಿದ್ದು ಇದೇ ಕಾರಣಕ್ಕೆ.

ಶಹಾಬಜಾರ್_ಅಕ್ಕ:

ಕಾಕಾ, ಎಷ್ಟು ಚೆನ್ನಾಗಿ ಹೇಳಿದಿರಿ. ನಾವು ದಿನಾ ಶಹಾಬಜಾರ್ ನಾಕಾ ಅಂತ ಆಟೋದವರಿಗೆ ಹೇಳುತ್ತೇವೆ. ನಾಕಾದಲ್ಲಿ ಏನು ನಡೆಯುತ್ತಿತ್ತು ಅಂತ ನನ್ನ ಮಕ್ಕಳಿಗೆ ಇವತ್ತು ಓದಿ ಹೇಳಿದೆ.

ಮೇಯರ್ ಹತ್ತಿರ ಹೋಗಿ ಎಂದ ತಮ್ಮನಿಗೆ ಒಂದು ಮಾತು. ಮೇಯರ್ ಪಾಲಿಕೆಯ ಸಭೆ ನಡೆಸುತ್ತಾರೆ, ಊರಿನ ಮೊದಲ ಪ್ರಜೆ, ಗೌರವ ದೊಡ್ಡದು. ಆದರೆ ಅವರ ಅವಧಿ ಒಂದೇ ವರ್ಷ. ಆ ಒಂದು ವರ್ಷಕ್ಕೂ ಹುದ್ದೆ ಯಾವ ವರ್ಗಕ್ಕೆ ಮೀಸಲು ಅಂತ ಸರ್ಕಾರ ಗೊತ್ತು ಮಾಡುತ್ತೆ. ಕಡತಕ್ಕೆ ಸಹಿ ಹಾಕುವವರು, ಸಿಬ್ಬಂದಿಗೆ ಕೆಲಸ ಹೇಳುವವರು ಆಯುಕ್ತರು. ಅವರನ್ನು ಕಳಿಸುವುದು, ವಾಪಸ್ ಕರೆಸುವುದು ಸರ್ಕಾರ. ಇವರಿಬ್ಬರ ನಡುವೆ ನಾಲ್ಕು ಸ್ಥಾಯಿ ಸಮಿತಿಗಳಿವೆ. ತೆರಿಗೆ ಮತ್ತು ಹಣಕಾಸಿನದು ಒಂದು, ಆರೋಗ್ಯ, ಶಿಕ್ಷಣ, ಸಾಮಾಜಿಕ ನ್ಯಾಯ ಮೂರೂ ಸೇರಿ ಒಂದು, ಪಟ್ಟಣ ಯೋಜನೆಯದು ಒಂದು, ಲೆಕ್ಕಪತ್ರದ್ದು ಒಂದು. ಜನರಿಗೆ ಈ ಸಮಿತಿಗಳ ಹೆಸರೇ ಗೊತ್ತಿಲ್ಲ. ಕಡತ ಎಲ್ಲಿ ನಿಂತಿದೆ ಅಂತ ನೋಡಬೇಕಾದರೆ ಅಲ್ಲೇ ನೋಡಬೇಕು.

ಮೇಯರ್‌ನ್ನು ನಾವು ನೇರವಾಗಿ ಆರಿಸುವುದೂ ಇಲ್ಲ. 55 ವಾರ್ಡಿನ ಸದಸ್ಯರು, ಅವರ ಜತೆ ಸಂಸದರು, ಶಾಸಕರು ಓಟು ಹಾಕುತ್ತಾರೆ. 2021ರ ಸೆಪ್ಟೆಂಬರ್ 3ಕ್ಕೆ ನಾವು ಓಟು ಹಾಕಿದೆವು. 6ಕ್ಕೆ ಫಲಿತಾಂಶ. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಯಾರಿಗೂ ಬಹುಮತ ಇಲ್ಲ. ಮೇಯರ್ ಆಯ್ಕೆ ಆದದ್ದು 2023ರ ಮಾರ್ಚ್ 23ಕ್ಕೆ. ಲೆಕ್ಕ ಹಾಕಿ, ಒಂದೂವರೆ ವರ್ಷ. ಗೆದ್ದವರ ಕೈಯಲ್ಲಿ ಪ್ರಮಾಣಪತ್ರ ಇತ್ತು, ಕೂರೋಕೆ ಸಭೆ ಇರಲಿಲ್ಲ.

ಆ ಒಂದೂವರೆ ವರ್ಷದಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಮ್ಮ ಓಣಿ ಮೂಲೆಯಲ್ಲಿ ಒಳಚರಂಡಿ ಚೇಂಬರ್ ಒಂದು ಉಕ್ಕುತ್ತಿತ್ತು. ಬೆಳಗ್ಗೆ ಐದೂವರೆಗೆ ಕಸ ಗುಡಿಸಲು ಬರುವ ಪೌರಕಾರ್ಮಿಕ ಅಕ್ಕ ಒಬ್ಬರಿದ್ದಾರೆ, ಸೀರೆ ಮೇಲೆ ಹಸಿರು ಕೋಟು, ತಲೆಗೆ ಬಟ್ಟೆ ಕಟ್ಟಿಕೊಂಡು. ಆ ನೀರು ದಾಟಿಕೊಂಡೇ ಅವರು ಗುಡಿಸಬೇಕು. ದಿನಾ ನನಗೆ ಹೇಳುತ್ತಿದ್ದರು, ನಾನು ಗೆದ್ದ ಸದಸ್ಯರಿಗೆ ಹೇಳುತ್ತಿದ್ದೆ. ಅವರು ಬಂದು ನೋಡಿದರು, ಪಾಪ, ನಾಲ್ಕು ಸಲ ಬಂದರು. ಆದರೆ ಎಲ್ಲಿ ಎದ್ದು ನಿಂತು ಕೇಳಬೇಕು? ಸಭೆಯೇ ಇಲ್ಲ. ಅಧಿಕಾರಿಗಳು ಸುಮ್ಮನೆ ಕೂತಿದ್ದರು ಅಂತ ನಾನು ಹೇಳುವುದಿಲ್ಲ, ಅವರ ಮೇಲೆ ಊರಿನ ಭಾರ ಪೂರ್ತಿ ಬಿದ್ದಿತ್ತು. ಆದರೆ ಎಲ್ಲರ ಮುಂದೆ ಪ್ರಶ್ನೆ ಕೇಳಿ ಉತ್ತರ ಬರೆಸಿಕೊಳ್ಳುವ ಜಾಗ ಇಲ್ಲದಿದ್ದರೆ ಚೇಂಬರ್ ಮುಚ್ಚಳದಂಥ ಸಣ್ಣ ಕೆಲಸವೇ ಮೊದಲು ಹಿಂದೆ ಬೀಳುತ್ತೆ. ಇದು ನನಗೆ ಆಗ ಅರ್ಥ ಆಯಿತು. ಅದಕ್ಕೇ ಊರಿನಲ್ಲಿ ಚುನಾವಣೆ ತಡ ಆದರೂ, ಮೇಯರ್ ಆಯ್ಕೆ ತಡ ಆದರೂ ನನಗೆ ಸಿಟ್ಟು ಬರುತ್ತೆ. ಯಾವ ಪಕ್ಷ ಅನ್ನೋದು ಬೇರೆ ಮಾತು.

ಇನ್ನೊಂದು ತಿಳಿದಿರಲಿ. ಸದಸ್ಯರ ಐದು ವರ್ಷದ ಲೆಕ್ಕ ಶುರುವಾಗುವುದು ಓಟಿನ ದಿನದಿಂದಲ್ಲ, ಮೊದಲ ಸಭೆಯ ದಿನದಿಂದ.

ಫರ್ಸಿ_ಕಲ್ಲು ಅಣ್ಣಾ, ನಿಮ್ಮ ಲೇಔಟ್ ಯಾವ ವಾರ್ಡಿಗೆ ಬರುತ್ತೆ ಗೊತ್ತಾ? ಪಾಲಿಕೆಯ ಗಡಿಯೊಳಗೆ ಇದೆಯೋ ಪಂಚಾಯಿತಿಯಲ್ಲಿದೆಯೋ? ತೆರಿಗೆ ಯಾರಿಗೆ ಕಟ್ಟುತ್ತಿದ್ದೀರಿ? ಮೊದಲು ಇದು ಹೇಳಿ.

ಫರ್ಸಿ_ಕಲ್ಲು:

ಅಕ್ಕಾ, ಪಾಲಿಕೆ ಗಡಿಯೊಳಗೇ ಇದೆ. ತೆರಿಗೆ ಪಾಲಿಕೆಗೇ ಕಟ್ಟಿದ್ದೇನೆ, ಏಪ್ರಿಲ್‌ನಲ್ಲೇ, ಶೇ 5 ರಿಯಾಯಿತಿ ಸಿಕ್ಕಿತು. ಚಲನ್ ಈಗ ಮುಂದೆ ಇಟ್ಟುಕೊಂಡು ನೋಡುತ್ತಿದ್ದೇನೆ. ಆಸ್ತಿ ತೆರಿಗೆ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಬೇರೆ ಬೇರೆ ಸಾಲು ಇವೆ. ಗಟಾರಕ್ಕೆ ಅಂತ ಸಾಲು ಇಲ್ಲ. ತೆರಿಗೆ ತಗೊಂಡ ಮೇಲೂ ಲೇಔಟ್ ನಮ್ಮದಲ್ಲ ಅಂದರೆ ಹೇಗೆ?

ನಕಾಶೆ_ಟೇಬಲ್:

ನಾನು ಲೇಔಟ್ ನಕಾಶೆ ಮಾಡಿಕೊಡುವ ಸಿವಿಲ್ ಎಂಜಿನಿಯರ್. ಈ ಕೊನೆಯ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ವಾರಕ್ಕೆ ಒಬ್ಬರಾದರೂ ಇದನ್ನೇ ಕೇಳುತ್ತಾರೆ.

ತೆರಿಗೆ ನಿಮ್ಮ ಮನೆ ಮೇಲೆ. ಗಟಾರ ನಿಂತಿರುವುದು ಲೇಔಟ್‌ನ ರಸ್ತೆ ಮೇಲೆ. ಇವೆರಡೂ ಬೇರೆ. ಖಾಸಗಿಯವರು ಲೇಔಟ್ ಮಾಡಬೇಕಾದರೆ ಮೊದಲು ಹೊಲವನ್ನು ಎನ್‌ಎ, ಅಂದರೆ ಕೃಷಿಯೇತರ ಜಮೀನು, ಮಾಡಿಸುತ್ತಾರೆ, ಆಮೇಲೆ ನಕಾಶೆ ಪ್ರಾಧಿಕಾರಕ್ಕೆ ಹೋಗುತ್ತೆ. ಪ್ರಾಧಿಕಾರ ಮಂಜೂರು ಮಾಡುವಾಗ ಷರತ್ತು ಹಾಕುತ್ತೆ. ರಸ್ತೆ, ಗಟಾರ, ನೀರಿನ ಪೈಪ್, ಒಳಚರಂಡಿ, ಕರೆಂಟ್ ಕಂಬ ಇವೆಲ್ಲವನ್ನೂ ಲೇಔಟ್ ಮಾಲೀಕರೇ ಮಾಡಬೇಕು. ಕೆಲಸ ಮುಗಿದ ಹಾಗೆ ಪ್ಲಾಟ್‌ಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತಾರೆ. ರಸ್ತೆ, ಉದ್ಯಾನ, ಸಾರ್ವಜನಿಕ ಉಪಯೋಗದ ಜಾಗಗಳನ್ನು ಮಾಲೀಕರು ಬರೆದುಕೊಡಬೇಕು, ಅದಕ್ಕೆ ಪರಿತ್ಯಾಜನ ಪತ್ರ ಅನ್ನುತ್ತಾರೆ. ಕೊನೆಯಲ್ಲಿ ಇಡೀ ಲೇಔಟ್ ಪಾಲಿಕೆಗೆ ಹಸ್ತಾಂತರ ಆಗಬೇಕು.

ಆ ಕೊನೆಯ ಹೆಜ್ಜೆ ಎಷ್ಟೋ ಕಡೆ ಆಗಿರುವುದೇ ಇಲ್ಲ. ಪ್ಲಾಟ್ ಎಲ್ಲ ಮಾರಾಟ ಆದ ಮೇಲೆ ಮಾಲೀಕರಿಗೆ ಆ ಲೇಔಟ್ ಮೇಲೆ ಆಸಕ್ತಿ ಇರುವುದಿಲ್ಲ. ಗಟಾರದ ಕೊನೆಯ ತುಂಡನ್ನು ಮುಖ್ಯ ಗಟಾರಕ್ಕೆ ಸೇರಿಸುವುದಕ್ಕೆ ಬೇರೆಯವರ ಹೊಲ ದಾಟಬೇಕು, ಖರ್ಚು ಜಾಸ್ತಿ, ಬಿಟ್ಟುಬಿಡುತ್ತಾರೆ. ಪೂರ್ತಿ ಆಗದ ಕೆಲಸವನ್ನು ಪಾಲಿಕೆ ಕೈಗೆ ತಗೊಂಡರೆ ಆ ಖರ್ಚು ಊರಿನ ಎಲ್ಲರ ತೆರಿಗೆಯಿಂದ ಹೋಗುತ್ತೆ, ಹಾಗಾಗಿ ಅವರೂ ತಗೊಳ್ಳುವುದಿಲ್ಲ. ಜಾಲಿ ಗಿಡದ ಬುಡದಲ್ಲಿ ನಿಂತ ಗಟಾರ ಅಂತ ನೀವು ಬರೆದ ಕೂಡಲೇ ನನಗೆ ಇದೇ ಇರಬೇಕು ಅನಿಸಿತು.

ನೀವು ನೋಡಬೇಕಾದದ್ದು ಮೂರು ಕಾಗದ. ಲೇಔಟ್ ಮಂಜೂರಾತಿ ಆದೇಶ, ಪರಿತ್ಯಾಜನ ಪತ್ರ, ಹಸ್ತಾಂತರ ಪತ್ರ. ನಿಮ್ಮ ಕ್ರಯಪತ್ರದಲ್ಲಿ ಆದೇಶದ ನಂಬರ್ ಇರುತ್ತೆ. ಕಾಗದ ಸಿಗದಿದ್ದರೆ ಪ್ರಾಧಿಕಾರಕ್ಕೂ ಪಾಲಿಕೆಗೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಹಸ್ತಾಂತರ ಆಗಿದ್ದರೆ ಗಟಾರ ಪಾಲಿಕೆಯದು. 1976ರ ಕಾಯ್ದೆಯ 58ನೇ ಕಲಂನಲ್ಲಿ ಪಾಲಿಕೆ ಮಾಡಲೇಬೇಕಾದ ಕೆಲಸಗಳ ಪಟ್ಟಿ ಇದೆ, ಗಟಾರ ಅದರಲ್ಲಿದೆ, ಅದನ್ನು ಅರ್ಜಿಯಲ್ಲಿ ಬರೆಯಿರಿ. ಹಸ್ತಾಂತರ ಆಗಿಲ್ಲದಿದ್ದರೆ ಅರ್ಜಿ ಪ್ರಾಧಿಕಾರದ ಆಯುಕ್ತರ ಹೆಸರಿಗೆ. ಮಂಜೂರಾತಿ ಷರತ್ತಿನ ಪ್ರಕಾರ ಕೆಲಸ ಮುಗಿಸಿಲ್ಲ, ಮಾಲೀಕರಿಂದ ಮುಗಿಸಿ ಹಸ್ತಾಂತರ ಮಾಡಿಸಿ ಅಂತ. ಒಂದು ಪ್ರತಿ ಪಾಲಿಕೆ ಆಯುಕ್ತರಿಗೆ.

ಇನ್ನೊಂದು ಸಣ್ಣ ವಿಚಾರ. ಓಣಿಯಲ್ಲೋ ಹತ್ತಿರದ ಮುಖ್ಯ ರಸ್ತೆಯಲ್ಲೋ ಕಾಮಗಾರಿಯ ಫಲಕ ಇದ್ದರೆ ಓದಿ. ಯಾವ ಯೋಜನೆ, ಯಾವ ಇಲಾಖೆ ಅಂತ ಬರೆದಿರುತ್ತೆ. ನಮ್ಮ ಊರಿನಲ್ಲಿ ಒಂದು ರಸ್ತೆ ಪಾಲಿಕೆಯದು, ಅದರ ಪಕ್ಕದ್ದು ಲೋಕೋಪಯೋಗಿ ಇಲಾಖೆಯದು, ಇನ್ನೊಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ದುಡ್ಡಿನದು ಇರಬಹುದು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಬಂದ ಮೇಲೆ ಈ ಮಂಡಳಿಯ ದುಡ್ಡಿನಿಂದ ಎಷ್ಟೋ ಕೆಲಸ ಆಗಿದೆ, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಪಾಲಿಕೆಯ ಬಜೆಟ್ ಅಲ್ಲ, ಅದರ ತೀರ್ಮಾನ ಪಾಲಿಕೆ ಸಭೆಯಲ್ಲಿ ಆಗುವುದಿಲ್ಲ. ನೀರಿನದೂ ಹಾಗೆಯೇ. ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ಮೊದಲು ಆಯಿತು, ಆಮೇಲೆ ಊರಿಗೆಲ್ಲ ಅಂತ ಯೋಜನೆ ಬೆಳೆಯಿತು. ಪೈಪ್ ಹಾಕಲು ಅಗೆದ ರಸ್ತೆ ಮುಚ್ಚುವುದು ಯಾರು ಅಂತ ಕೇಳಿದರೆ ಮತ್ತೆ ಮೂರು ಬಾಗಿಲು.

ಬಿದರಿ_ಹೂಜಿ:

ಬೀದರ್‌ನಿಂದ. ನಿಮ್ಮ ಮಾತು ಓದುತ್ತಾ ನಮ್ಮ ಊರಿನ ಮುಂದಿನ ದಿನಗಳು ಕಣ್ಣ ಮುಂದೆ ಬಂದವು. 2024ರ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಸಚಿವ ಸಂಪುಟ ಸಭೆ ಆಯಿತಲ್ಲ, ಅಲ್ಲಿ ರಾಯಚೂರು ಮತ್ತು ಬೀದರ್ ನಗರಸಭೆಗಳನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನ ಆಯಿತು. ಊರಲ್ಲಿ ಪೇಡೆ ಹಂಚಿದವರೂ ಇದ್ದಾರೆ, ತೆರಿಗೆ ಜಾಸ್ತಿ ಆಗುತ್ತೆ ಅಂತ ಹೆದರಿದವರೂ ಇದ್ದಾರೆ.

ನನಗೆ ಚಿಂತೆ ಇರುವುದು ಸುತ್ತಲಿನ ಹಳ್ಳಿಗಳದ್ದು. ಪಾಲಿಕೆ ಆಗಬೇಕಾದರೆ ಕಾಯ್ದೆ ಪ್ರಕಾರ 3 ಲಕ್ಷ ಜನ ಇರಬೇಕು. 2011ರ ಜನಗಣತಿಯಲ್ಲಿ ಬೀದರ್ ಊರು 2 ಲಕ್ಷ ಚಿಲ್ಲರೆ. ಹಾಗಾಗಿ ಅಕ್ಕಪಕ್ಕದ ಹಳ್ಳಿಗಳು ಒಳಗೆ ಬರಲೇಬೇಕು. ನಮ್ಮ ಅತ್ತೆ ಅಂಥ ಒಂದು ಹಳ್ಳಿಯಲ್ಲಿದ್ದಾರೆ. ಎರಡು ಎಕರೆ ಒಣ ಭೂಮಿ, ಎರಡು ಎಮ್ಮೆ. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗಿ ಬಂದ ಕೂಲಿಯಲ್ಲೇ ಬಿತ್ತನೆ ಬೀಜ ತರುತ್ತಾರೆ. ಉದ್ಯೋಗ ಖಾತ್ರಿ ಹಳ್ಳಿಗೆ ಮಾತ್ರ. ಊರು ಪಾಲಿಕೆಗೆ ಸೇರಿದ ದಿನ ಅದು ನಿಲ್ಲುತ್ತೆ. ಅತ್ತೆ ಕೇಳಿದರು, ನಮ್ಮ ಓಣಿಗೆ ಕಸದ ಗಾಡಿ ಬರುತ್ತೆ ಅಂತಾರಲ್ಲೋ, ನಮ್ಮ ತಿಪ್ಪೆ ಹೊಲಕ್ಕೆ ಹೋಗುತ್ತೆ, ಆ ಗಾಡಿಗೆ ಹಾಕೋಕೆ ನಮ್ಮಲ್ಲಿ ಏನಿದೆ? ನನಗೆ ಉತ್ತರ ಹೊಳೆಯಲಿಲ್ಲ.

ಹೆಸರು ಬದಲಾಗುವುದು ನನಗೆ ಗೊತ್ತಿದೆ. ಅಧ್ಯಕ್ಷರ ಜಾಗಕ್ಕೆ ಮೇಯರ್, ಪೌರಾಯುಕ್ತರ ಜಾಗಕ್ಕೆ ಆಯುಕ್ತರು, 1964ರ ಕಾಯ್ದೆ ಬಿಟ್ಟು 1976ರದ್ದು. ಕಾಕಾ, ಇದರಿಂದ ಗಟಾರದ ಮಟ್ಟದಲ್ಲಿ ಏನಾದರೂ ಒಳ್ಳೆಯದಾಗುತ್ತಾ?

ಹಳೆ_ದಫ್ತರ:

ತಮ್ಮಾ, ನಾನು ಎರಡೂ ಥರದ ಕಚೇರಿ ಹತ್ತಿರದಿಂದ ನೋಡಿದ್ದೇನೆ. ಪಾಲಿಕೆಗೆ ಅನುದಾನ ಜಾಸ್ತಿ, ಎಂಜಿನಿಯರ್, ಆರೋಗ್ಯ ನಿರೀಕ್ಷಕರ ಹುದ್ದೆ ಜಾಸ್ತಿ. ದೊಡ್ಡ ಯಂತ್ರ, ಕಟ್ಟಿಕೊಂಡ ಚರಂಡಿಗೆ ಜೋರಾಗಿ ನೀರು ಬಿಟ್ಟು ತೆರೆಯುವ ಜೆಟ್ಟಿಂಗ್ ಗಾಡಿ ಇವೆಲ್ಲ ಬರುವ ಸಾಧ್ಯತೆ ಇದೆ. ಹುದ್ದೆ ಮಂಜೂರಾದದ್ದು ತುಂಬಿದರೆ ಮಾತ್ರ ಈ ಮಾತು. ಆದರೆ ನಗರಸಭೆ ಅಧ್ಯಕ್ಷರಿಗೆ ಎರಡೂವರೆ ವರ್ಷ ಸಿಗುತ್ತೆ, ಮೇಯರ್‌ಗೆ ಒಂದೇ ವರ್ಷ. ಎರಡೂವರೆ ವರ್ಷದಲ್ಲಿ ಒಬ್ಬ ಅಧ್ಯಕ್ಷ ಒಂದು ನಾಲೆ ಹಿಡಿದು ಆ ತುದಿಯಿಂದ ಈ ತುದಿವರೆಗೆ ಮಾಡಿಸಿದ್ದನ್ನು ಕಂಡಿದ್ದೇನೆ. ಒಂದು ವರ್ಷದಲ್ಲಿ ಬಜೆಟ್ ಓದಿ, ಟೆಂಡರ್ ಕರೆಯುವಷ್ಟರಲ್ಲಿ ಇಳಿಯುವ ದಿನ ಬಂದಿರುತ್ತೆ. ಈ ಒಂದು ವರ್ಷದ ಪದ್ಧತಿ ತಪ್ಪು ಅಂತ ನಾನು ಕೆಲಸದಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ನಿಮ್ಮ ಅತ್ತೆಯ ಮಾತು ಸಣ್ಣದಲ್ಲ. ಹಳ್ಳಿ ಸೇರಿಸುವ ಮೊದಲು ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳುತ್ತೆ. ಆಗ ಪಂಚಾಯಿತಿಯವರು ಕೂಲಿ, ಹೊಲ, ದನದ ವಿಚಾರವನ್ನು ಬರೆದೇ ಕೊಡಬೇಕು. ಬಾಯಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ.

ಭೀಮಾ_ದಡ:

ಯಾದಗಿರಿಯಿಂದ ಒಂದು ಮಾತು. ನಮ್ಮದು 2009ರ ಕೊನೆಯಲ್ಲಿ ಜಿಲ್ಲೆ ಆದ ಊರು, ಈಗಲೂ ನಗರಸಭೆ. ಜಿಲ್ಲೆ ಆದ ಮೇಲೆ ಕಚೇರಿಗಳು ಬಂದವು, ನೌಕರರು ಬಂದರು, ಬಾಡಿಗೆ ಏರಿತು, ಊರು ಹೊಲದ ಕಡೆ ಬೆಳೆಯಿತು. ಗಟಾರ ಮಾತ್ರ ತಾಲ್ಲೂಕು ಊರಿನ ಅಳತೆಯಲ್ಲೇ ಉಳಿಯಿತು. ನಮ್ಮಲ್ಲಿ ಒಂದು ಒಳ್ಳೆಯದು ಅಂದರೆ ಊರು ಸಣ್ಣದು, ವಾರ್ಡ್ ಸದಸ್ಯರು ಸಂಜೆ ಚಹಾ ಅಂಗಡಿಯಲ್ಲಿ ಸಿಗುತ್ತಾರೆ. ಫರ್ಸಿ_ಕಲ್ಲು ಅಣ್ಣಾ, ನಿಮ್ಮ ಸದಸ್ಯರನ್ನು ಒಮ್ಮೆ ಆ ಜಾಲಿ ಗಿಡದ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿ. ಮಳೆ ಬಂದ ಮರುದಿನವೇ ಕರೆಯಿರಿ. ಫೋಟೊಗಿಂತ ವಾಸನೆ ಬೇಗ ಅರ್ಥ ಆಗುತ್ತೆ.

ಶಹಾಬಜಾರ್_ಅಕ್ಕ:

ಭೀಮಾ ದಡದ ತಮ್ಮ ಹೇಳಿದ್ದು ನಿಜ, ನಾನೂ ಅದನ್ನೇ ಮಾಡಿದ್ದು. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಪಾಲಿಕೆ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಲ್ಲಿ ಪ್ರತಿ ವಾರ್ಡಿಗೂ ವಾರ್ಡ್ ಸಮಿತಿ ಇರಬೇಕು ಅಂತ ಇದೆ. ಅಧ್ಯಕ್ಷರು ಆ ವಾರ್ಡಿನ ಸದಸ್ಯರೇ. ಅವರ ಜತೆ 10 ಜನ. ಅದರಲ್ಲಿ ಕನಿಷ್ಠ 3 ಮಹಿಳೆಯರು, 2 ಜನ ಪರಿಶಿಷ್ಟ ಜಾತಿ ಅಥವಾ ಪಂಗಡದವರು, 2 ಜನ ನಿವಾಸಿಗಳ ಸಂಘದವರು ಇರಬೇಕು. ನಿಮ್ಮ ಲೇಔಟ್‌ನವರು ಒಂದು ಸಂಘ ನೋಂದಣಿ ಮಾಡಿಸಿಕೊಂಡರೆ ಆ ಎರಡು ಜಾಗಕ್ಕೆ ಅರ್ಜಿ ಹಾಕಬಹುದು. ಒಬ್ಬರೇ ಹೋದರೆ ದೂರು, ಸಂಘದ ಹೆಸರಲ್ಲಿ ಹೋದರೆ ಬೇಡಿಕೆ. ನಮ್ಮ ಚೇಂಬರ್ ಮುಚ್ಚಳ ಕೊನೆಗೆ ಬಂದದ್ದು 40 ಮನೆಯವರ ಸಹಿ ಇದ್ದ ಅರ್ಜಿಯಿಂದ. ಸಹಿ ಕೇಳೋಕೆ ಹೋದಾಗ ಆ ಪೌರಕಾರ್ಮಿಕ ಅಕ್ಕನೂ ನನ್ನ ಜತೆ ಮನೆ ಮನೆಗೆ ಬಂದರು. ಯಾರ ಮನೆ ಮುಂದೆ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತೆ, ಯಾವ ದಿನ ಜಾಸ್ತಿ ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಅದನ್ನೆಲ್ಲ ಅರ್ಜಿಯಲ್ಲಿ ಹಾಗೇ ಬರೆದೆವು.

ಫರ್ಸಿ_ಕಲ್ಲು:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಟ್ರಂಕ್ ತೆಗೆದು ಕಾಗದ ಎಲ್ಲ ನೆಲದ ಮೇಲೆ ಹರಡಿ ಕೂತಿದ್ದೆ, ಮಗಳೂ ಪಕ್ಕದಲ್ಲಿ ಕೂತು ನಂಬರ್ ಓದಿ ಹೇಳಿದಳು. ಕ್ರಯಪತ್ರದಲ್ಲಿ ಮಂಜೂರಾತಿ ಆದೇಶದ ನಂಬರ್ ಸಿಕ್ಕಿತು. ರಸ್ತೆ ಮತ್ತು ಉದ್ಯಾನದ ಜಾಗ ಬರೆದುಕೊಟ್ಟಿದ್ದಾರೆ ಅಂತ ಒಂದು ಸಾಲು ಇದೆ. ಹಸ್ತಾಂತರದ ಮಾತು ಎಲ್ಲೂ ಇಲ್ಲ. ಪಕ್ಕದ ಮನೆಯವರ ಕಾಗದದಲ್ಲೂ ಇಲ್ಲ. ಹಾಗಾದರೆ ಎಂಜಿನಿಯರ್ ಸಾಹೇಬರು ಹೇಳಿದ್ದೇ ಆಗಿರಬೇಕು. ಮಾಹಿತಿ ಹಕ್ಕಿನ ಅರ್ಜಿ ಎರಡು ಕಡೆಗೂ ಬರೆದಿದ್ದೇನೆ. ಇದರ ಜತೆ ಪ್ರಾಧಿಕಾರದ ಆಯುಕ್ತರಿಗೆ ಬೇರೆ ಅರ್ಜಿ. ಓಣಿಯಲ್ಲಿ 11 ಮನೆ ಇವೆ, 9 ಸಹಿ ಆಗಿವೆ, ಇಬ್ಬರು ಊರಲ್ಲಿಲ್ಲ. ಸೋಮವಾರ ಅರ್ಧ ದಿನ ರಜೆ ಹಾಕಿದ್ದೇನೆ.

ಕಾಕಾ, ನಿಮ್ಮ ಜಕಾತಿ ಚೀಟಿಯ ಮಾತು ಅಪ್ಪನಿಗೆ ಓದಿ ಹೇಳಿದೆ. ಮುತ್ಯಾನ ಗಾಡಿಯಲ್ಲಿ ತಾನೂ ಹಾಗೇ ಚೀಟಿ ಹಿಡಿದುಕೊಂಡು ಕೂರುತ್ತಿದ್ದೆ ಎಂದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಈ ಮಾತು ಹೇಳಿರಲಿಲ್ಲ.

ಶಹಾಬಜಾರ್_ಅಕ್ಕ:

ಅಣ್ಣಾ, ಪ್ರತಿ ಅರ್ಜಿಯನ್ನೂ ಎರಡು ಪ್ರತಿ ಮಾಡಿಸಿಕೊಂಡು ಹೋಗಿ. ಒಂದನ್ನು ಒಳಗೆ ಕೊಟ್ಟು, ಇನ್ನೊಂದರ ಮೇಲೆ ಆವಕ ನಂಬರ್, ತಾರೀಕು, ಸೀಲು ಹಾಕಿಸಿಕೊಳ್ಳಿ. ಸೀಲು ಬೀಳುವವರೆಗೆ ಕೌಂಟರ್ ಬಿಟ್ಟು ಬರಬೇಡಿ. ಸೋಮವಾರ ಏನಾಯಿತು ಅಂತ ಇಲ್ಲೇ ಬರೆಯಿರಿ.